ತೊಗರಿ ಮೇಲೆ ಡ್ರೋನ್: ಕಾಗದ ಅದಾವೇನು?

ನೆಲೋಗಿ: ತೊಗರಿಗೆ ಔಷಧ ಹೊಡೆಯಲು ಡ್ರೋನ್ ಕರೆಸುವವರು ಬಾಡಿಗೆ ಎಷ್ಟಂತ ಕೇಳಿದರೆ ಸಾಲದು, ಕಾಗದ ಅದಾವೇನು ಅಂತಲೂ ಕೇಳಬೇಕು.

2021ರ ಡ್ರೋನ್ ನಿಯಮಗಳ ಪ್ರಕಾರ 2 ಕಿಲೋ ಮೀರಿದ ಡ್ರೋನ್ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ, ಯಂತ್ರಕ್ಕೆ ನೋಂದಣಿ ಸಂಖ್ಯೆ ಇರಲೇಬೇಕು. ಮದುವೆ ಚಿತ್ರ ತೆಗೆಯುವ ಬಾಡಿಗೆ ಡ್ರೋನಿಗೂ 250 ಗ್ರಾಂ ದಾಟಿದರೆ ಇದೇ ಕಟ್ಟು. ಹತ್ತನೇ ಕ್ಲಾಸು ಪಾಸಾದ, 18ರಿಂದ 65 ವಯಸ್ಸಿನವರು ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬಹುದು.

2019ರಲ್ಲಿ ಶುರುವಾದ ಕಲಬುರಗಿ ವಿಮಾನ ನಿಲ್ದಾಣ ಇಲ್ಲಿಗೆ ದೂರ, ಖರೆ. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಾಟಕ್ಕೆ ಅನುಮತಿಯೂ ಬೇಡ. ಆದರೆ ವಲಯ ಯಾವುದೆಂದು ಸರ್ಕಾರದ ನಕಾಶೆ ನೋಡಿಯೇ ಹಾರಿಸಬೇಕು.

ನಿಯಮ ಮೀರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೆ. ಸಾಲ ಮಾಡಿ ಡ್ರೋನ್ ಕೊಂಡ ಹುಡುಗರು ಬಾಡಿಗೆ ಹಿಡಿಯುವ ಮೊದಲೇ ಕಾಗದ ಮಾಡಿಸಿಕೊಂಡರೆ ಗಂಟು ಉಳಿದೀತು.