ಲ್ಯಾಪ್‌ಟಾಪಿನ ಪವರ್ ಪ್ಲಾನ್ ಎಲ್ಲಿ ಹೋಯ್ತು?

ಪ್ರಶ್ನೆ: ಹೊಸ ಲ್ಯಾಪ್‌ಟಾಪಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಬ್ಯಾಲೆನ್ಸ್ಡ್’ ಒಂದೇ ಇದೆ. ‘ಹೈ ಪರ್ಫಾರ್ಮೆನ್ಸ್’, ‘ಪವರ್ ಸೇವರ್’ ಕಾಣುತ್ತಿಲ್ಲ. ಕೆಟ್ಟಿದೆಯೇ?
– ಓದುಗರು, ಸಿಂದಗಿ

ಉತ್ತರ: ಕೆಟ್ಟಿಲ್ಲ. ಮೊದಲು ‘ಶೋ ಅಡಿಷನಲ್ ಪ್ಲಾನ್ಸ್’ ಬಾಣದ ಗುರುತನ್ನು ಒತ್ತಿ ನೋಡಿ. ಹಳೆಯ ಯಂತ್ರಗಳಲ್ಲಿ ಉಳಿದವು ಅದರೊಳಗೇ ಮಡಚಿಕೊಂಡಿರುತ್ತವೆ. ಆ ಬಾಣವೇ ಇಲ್ಲದಿದ್ದರೆ ನಿಮ್ಮದು ಬಹುಶಃ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಯಂತ್ರ. ಮೊಬೈಲಿನಂತೆ ಇದು ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಇಂಥ ಯಂತ್ರಗಳಲ್ಲಿ ವಿಂಡೋಸ್ ಸಾಮಾನ್ಯವಾಗಿ ಬ್ಯಾಲೆನ್ಸ್ಡ್ ಒಂದನ್ನೇ ತೋರಿಸುತ್ತದೆ.

ಖಚಿತಪಡಿಸಿಕೊಳ್ಳಲು ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್’ ಪದಕ್ಕೆ ಸಿ, ಎಫ್, ಜಿ ಅಕ್ಷರ ಅಂಟಿಸಿ, ಜಾಗ ಬಿಟ್ಟು, ಓರೆಗೆರೆ ಮತ್ತು ಎ ಟೈಪ್ ಮಾಡಿ. ಲಭ್ಯವಿರುವ ನಿದ್ರಾಸ್ಥಿತಿಗಳಲ್ಲಿ ‘ಎಸ್0’ ಬಂದರೆ ಅದೇ ಕಾರಣ.

ವೇಗ ಬೇಕಾದರೆ ವಿಂಡೋಸ್ 11ರ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ವಿಭಾಗಕ್ಕೆ ಹೋಗಿ ‘ಪವರ್ ಮೋಡ್’ ಬದಲಿಸಿ. ‘ಬೆಸ್ಟ್ ಪರ್ಫಾರ್ಮೆನ್ಸ್’ ಅಲ್ಲಿದೆ. ಬ್ಯಾಲೆನ್ಸ್ಡ್ ಪ್ಲಾನ್ ಆಯ್ಕೆಯಾಗಿದ್ದಾಗ ಮಾತ್ರ ಇದು ಬದಲಾಗುತ್ತದೆ, ಅದನ್ನು ಬಿಡಬೇಡಿ.

ರಿಜಿಸ್ಟ್ರಿ ತಿದ್ದಿ ಹಳೆಯ ಪ್ಲಾನ್ ತರಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ. ನಿದ್ದೆಯ ವ್ಯವಸ್ಥೆಯೇ ಹದಗೆಡಬಹುದು. ನಮ್ಮ ಇಂಡಿ, ಮುದ್ದೇಬಿಹಾಳದ ಬೇಸಿಗೆಯಲ್ಲಿ ಯಂತ್ರ ಮೊದಲೇ ಕಾಯುತ್ತದೆ, ಕಾದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಪ್ಲಾನ್ ಯಾವುದಿದ್ದರೂ ಅಷ್ಟೇ. ಬಸವನ ಬಾಗೇವಾಡಿ ಬದಿಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸ್ಥಾವರವಿದ್ದರೂ ನಮ್ಮೂರ ಕರೆಂಟ್ ಹೋಗುವುದುಂಟು. ಆಗ ‘ಬೆಸ್ಟ್ ಪವರ್ ಎಫಿಷಿಯೆನ್ಸಿ’ಗೆ ಬದಲಿಸಿ, ಪರದೆಯ ಬೆಳಕು ತಗ್ಗಿಸಿ.

ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ಆಡಳಿತದವರೇ ಆಯ್ಕೆಗಳನ್ನು ಮುಚ್ಚಿರಬಹುದು, ಅವರನ್ನೇ ಕೇಳಿ.