ವಿಮಾನದಲ್ಲಿ ಬರೆದ ಶ್ರೀಕಾರ

ಬಿಡಿಭಾಗಗಳನ್ನು ಅಂಗಡಿಯಿಂದ ಕೊಂಡು ತಂದು ಮನೆಯಲ್ಲಿಯೇ ಕಂಪ್ಯೂಟರು ಕಟ್ಟುವ ತರುಣರು ಈಗ ನಮ್ಮ ನಗರಗಳಲ್ಲಿ ಅಪರೂಪವಲ್ಲ. ತಿರುಪುಗಳನ್ನೆಲ್ಲ ಬಿಗಿದು, ತಂತಿಗಳನ್ನು ಜೋಡಿಸಿ, ಮನೆಮಂದಿ ಸುತ್ತ ನೆರೆದಿರಲು ಗುಂಡಿಯನ್ನೊತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಬೆಳಗುತ್ತದೆ. ಆದರೆ ತೆರೆಯ ಮೇಲೆ ಮೂಡುವುದು ಆಪರೇಟಿಂಗ್ ಸಿಸ್ಟಮ್ ಎಲ್ಲಿಯೂ ಸಿಗಲಿಲ್ಲವೆಂಬ ದೂರು ಮಾತ್ರ. ಯಂತ್ರ ಕೆಟ್ಟಿಲ್ಲ, ಅದಕ್ಕಿನ್ನೂ ವಿದ್ಯಾಭ್ಯಾಸವಾಗಿಲ್ಲ. ಆ ವಿದ್ಯೆಯನ್ನು ಹೆಬ್ಬೆರಳುದ್ದದ ಪೆನ್‌ಡ್ರೈವಿನಲ್ಲಿ ತುಂಬಿ ತಂದು ಸಿಕ್ಕಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಯಂತ್ರ ಪಂಡಿತನಾಗುತ್ತದೆ.

ಇಲ್ಲೊಂದು ತೊಡಕಿದೆ. ಪೆನ್‌ಡ್ರೈವಿನಲ್ಲಿರುವುದನ್ನು ಓದಬೇಕಾದರೆ, ಓದುವ ಬಗೆ ಯಂತ್ರಕ್ಕೆ ಮೊದಲೇ ತಿಳಿದಿರಬೇಕಲ್ಲವೆ? ಓದುವುದನ್ನು ಕಲಿಸುವ ಪಾಠವೂ ಅದರೊಳಗೇ ಇದ್ದರೆ ಆ ಪಾಠವನ್ನು ಓದುವವರಾರು? ವಿಜಯದಶಮಿಯಂದು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಶ್ರೀಕಾರ ಬರೆಯಿಸುವಂತೆ, ಯಂತ್ರದ ಬೆರಳನ್ನೂ ಒಮ್ಮೆ ಯಾರಾದರೂ ಹಿಡಿಯಲೇಬೇಕು. ಇಂಗ್ಲಿಷಿನಲ್ಲಿ ಇದಕ್ಕೆ 'ಬೂಟ್' ಮಾಡುವುದೆಂದು ಹೆಸರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವ ಅಸಾಧ್ಯ ಸಾಹಸದ ನುಡಿಗಟ್ಟಿನಿಂದ ಹುಟ್ಟಿದ ಮಾತಿದು.

ಈ ಸಣ್ಣ ಸಂಗತಿಯನ್ನು ಮಹಾ ಬುದ್ಧಿವಂತರಾದ ಇಬ್ಬರು ತರುಣರು ಮರೆತೇಬಿಟ್ಟಿದ್ದರು.

1975ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಅಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರಿನ ಚಿತ್ರ ಬಂದಿತು. ಅಮೆರಿಕದ ಆಲ್ಬುಕರ್ಕಿ ನಗರದಲ್ಲಿ ಎಡ್ ರಾಬರ್ಟ್ಸ್ ಎಂಬಾತನ ಸಂಸ್ಥೆ ಅದನ್ನು ತಯಾರಿಸುತ್ತಿದ್ದಿತು. ಬಿಡಿಭಾಗಗಳ ಬೆಲೆ 397 ಡಾಲರು. ಬೆಸುಗೆ ಹಾಕಿ ಕಟ್ಟಿಕೊಳ್ಳುವ ಶ್ರಮ ಕೊಂಡವನದು. ಅದಕ್ಕೆ ತೆರೆಯಿಲ್ಲ, ಕೀಲಿಮಣೆಯಿಲ್ಲ. ಮುಖದ ಮೇಲೆ ಸಾಲು ಸ್ವಿಚ್ಚುಗಳು, ಸಾಲು ದೀಪಗಳು. ಇಂದಿನ ಅರ್ಥದ ಆಪರೇಟಿಂಗ್ ಸಿಸ್ಟಮ್ ಆ ಪೆಟ್ಟಿಗೆಗೆ ಇರಲಿಲ್ಲ. ಆ ಸ್ಥಾನವನ್ನು ಬೇಸಿಕ್ ಎಂಬ ಸುಲಭ ಭಾಷೆ ತುಂಬಬೇಕಾಗಿದ್ದಿತು. ಅಲ್ಟೇರಿಗಾಗಿ ಅದೂ ಇನ್ನೂ ಸಿದ್ಧವಾಗಿರಲಿಲ್ಲ.

ಅದು ತಮ್ಮಲ್ಲಿ ಸಿದ್ಧವಾಗಿದೆಯೆಂದು ಪಾಲ್ ಅಲೆನ್ ಮತ್ತು ಬಿಲ್ ಗೇಟ್ಸ್ ರಾಬರ್ಟ್ಸನಿಗೆ ತಿಳಿಸಿದರು. ಅಲೆನನಿಗೆ ಆಗ 22 ವರ್ಷ, ಗೇಟ್ಸನಿಗೆ 19. ನಿಜ ಹೇಳುವುದಾದರೆ ಒಂದು ಸಾಲನ್ನೂ ಅವರು ಬರೆದಿರಲಿಲ್ಲ! ಇದನ್ನು ಧೈರ್ಯವೆನ್ನಬೇಕೋ ಸುಳ್ಳೆನ್ನಬೇಕೋ ಓದುಗರೇ ನಿರ್ಧರಿಸಲಿ. ಮಾತು ಕೊಟ್ಟ ಮೇಲೆ ಮಾತ್ರ ಹಗಲಿರುಳೆನ್ನದೆ ದುಡಿದರು. ಅಲ್ಟೇರನ್ನು ಕಣ್ಣಿನಿಂದ ಕಂಡೂ ಇರಲಿಲ್ಲವಾದ್ದರಿಂದ, ಹಾರ್ವರ್ಡ್ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರಿಗೆ ಅಲ್ಟೇರಿನ ಮಿದುಳಾದ ಇಂಟೆಲ್ 8080 ಚಿಪ್ಪಿನ ವೇಷ ಹಾಕಿಸಿ, ಆ ಬಹುರೂಪಿಯ ಮೇಲೆ ತಮ್ಮ ಪ್ರೋಗ್ರಾಮನ್ನು ಪರೀಕ್ಷಿಸಿದರು. ಎಂಟು ವಾರಗಳಲ್ಲಿ ಕೆಲಸ ಮುಗಿಯಿತು. ಇಂಟೆಲಿನ ಕೈಪಿಡಿಯನ್ನು ಎಲ್ಲಿಯಾದರೂ ತಪ್ಪಾಗಿ ತಿಳಿದಿದ್ದರೆ ಎಲ್ಲವೂ ನೀರುಪಾಲು. ಹೊರಡುವ ಹಿಂದಿನ ರಾತ್ರಿ ಅಲೆನ್ ಮಲಗಿದ್ದಾಗ ಗೇಟ್ಸ್ ಮತ್ತೊಮ್ಮೆ ತಾಳೆ ನೋಡುತ್ತ ಎಚ್ಚರವಾಗಿದ್ದನು.

ಪ್ರೋಗ್ರಾಮನ್ನು ರಂಧ್ರಗಳಾಗಿ ಹೊತ್ತ ಕಾಗದದ ಸುರುಳಿಯೊಂದಿಗೆ ಅಲೆನ್ ವಿಮಾನವೇರಿದನು. ಆಲ್ಬುಕರ್ಕಿ ಸಮೀಪಿಸಿ ವಿಮಾನ ಕೆಳಗಿಳಿಯತೊಡಗಿದಾಗ ಅವನ ಎದೆ ಧಸಕ್ಕೆಂದಿತು. ಸುರುಳಿಯೇನೋ ಇದೆ, ಸುರುಳಿಯನ್ನು ಓದೆಂದು ಅಲ್ಟೇರಿಗೆ ಹೇಳುವವರಾರು? ಹಾರ್ವರ್ಡಿನ ದೊಡ್ಡ ಯಂತ್ರ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಿದ್ದುದರಿಂದ ಇಬ್ಬರಿಗೂ ಅದು ಹೊಳೆದಿರಲಿಲ್ಲ. ಅಲೆನ್ ಕಾಗದ ತೆಗೆದು, ಚಿಪ್ಪಿಗೆ ನೇರವಾಗಿ ಅರ್ಥವಾಗುವ ಅಂಕಿಗಳಲ್ಲಿ, ಆ ಮೊದಲ ಪಾಠವನ್ನು ಕುಳಿತಲ್ಲಿಯೇ ಬರೆದನು. ಪರೀಕ್ಷಿಸಲು ಯಾವ ಬಹುರೂಪಿಯೂ ಹತ್ತಿರವಿರಲಿಲ್ಲ.

ಮರುದಿನ ಅಲ್ಟೇರಿನ ಮುಂದೆ ನಿಂತು ಆ ಅಂಕಿಗಳನ್ನು ಒಂದೊಂದಾಗಿ ಸ್ವಿಚ್ಚುಗಳಲ್ಲಿ ಮೂಡಿಸಿದನು. ಪ್ರತಿ ಅಂಕಿಗೂ ಎಂಟು ಸ್ವಿಚ್ಚುಗಳನ್ನು ಸರಿಪಡಿಸಿ, ಅದನ್ನು ಒಳಗಿಡುವ ಬೇರೊಂದು ಸ್ವಿಚ್ಚನ್ನು ಒತ್ತಬೇಕು. ಒಂದು ಮೇಲಿರಬೇಕಾದಲ್ಲಿ ಕೆಳಗಿದ್ದರೂ ಮುಗಿಯಿತು. ಸುರುಳಿ ಟೆಲಿಟೈಪಿನಲ್ಲಿ ಹಲವು ನಿಮಿಷ ತೆವಳಿತು. ನಿಂತಿತು. ಟೆಲಿಟೈಪ್ ತಾನಾಗಿ ಕಟಕಟನೆ ಅಚ್ಚು ಮಾಡಿತು: ಸ್ಮರಣೆಯ ಗಾತ್ರವೆಷ್ಟು? ಅಲೆನ್ 7168 ಎಂದು ಉತ್ತರಿಸಿದನು. ಬಳಿಕ ಎರಡಕ್ಕೆರಡು ಕೂಡಿಸಲು ಆಜ್ಞಾಪಿಸಿದನು. 4 ಎಂದು ಬಂದಿತು.

ಒಂದನೆಯ ತರಗತಿಯ ಮಗು ಹೇಳುವ ಲೆಕ್ಕಕ್ಕೆ ಇಷ್ಟು ಸಂಭ್ರಮವೇ ಎಂದು ಯಾರಾದರೂ ನಗಬಹುದು. ಆದರೆ ರಾಬರ್ಟ್ಸನೇ ಬೆರಗಾಗಿ ನಿಂತನು. ತಾನು ಮಾರುತ್ತಿದ್ದ ಪೆಟ್ಟಿಗೆ ಲೆಕ್ಕ ಮಾಡುವುದನ್ನು ಅವನು ಕಂಡುದು ಅಂದು. ಏಪ್ರಿಲಿನಲ್ಲಿ ಅಲೆನ್ ಮತ್ತು ಗೇಟ್ಸ್ ಆ ಊರಿನಲ್ಲಿಯೇ ಮೈಕ್ರೋಸಾಫ್ಟನ್ನು ಆರಂಭಿಸಿದರು.

ಅಲ್ಟೇರ್ ಕೊಂಡವರ ಪಾಡು ಮಾತ್ರ ಸುಲಭವಾಗಿರಲಿಲ್ಲ. ವಿದ್ಯುತ್ತು ಹೋದರೆ ಕಲಿತುದೆಲ್ಲ ಹೋಗುತ್ತಿದ್ದಿತು. ಮತ್ತೆ ಸ್ವಿಚ್ಚು, ಮತ್ತೆ ಸುರುಳಿ. ಈ ಉಪಟಳಕ್ಕೆ ಬೇಸತ್ತು ಮೊದಲ ಪಾಠವನ್ನು ಅಳಿಯದ ಚಿಪ್ಪಿನಲ್ಲಿ ಕೆತ್ತಿ ಯಂತ್ರದೊಳಗೇ ಇಡುವುದು ರೂಢಿಯಾಯಿತು. 1977ರ ಆಪಲ್ 2 ಹಾಗೆಯೇ ಬಂದಿತು, 1981ರ ಐಬಿಎಂ ಪಿಸಿಯೂ ಹಾಗೆಯೇ. ಇಂದು ಮನೆಯಲ್ಲಿ ಕಟ್ಟುವ ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೂ ಅಂಥದೊಂದು ಚಿಪ್ಪು ಕುಳಿತಿರುತ್ತದೆ. ತೆರೆಯ ಮೇಲೆ ದೂರು ಬರೆಯುವುದೂ, ಪೆನ್‌ಡ್ರೈವನ್ನು ಹುಡುಕಿ ಓದುವುದೂ ಅದೇ. ಆಪರೇಟಿಂಗ್ ಸಿಸ್ಟಮ್ ಒಳಸೇರುವಷ್ಟರಲ್ಲಿ ಕಾಫಿ ಕುಡಿದು ಬರಬಹುದು.