ಕೇಳಿ ಬರೆಸಿಕೊಂಡ ಸಂಗೀತ

ವೇದಿಕೆಯ ಮೇಲೆ ನಾಲ್ಕು ಕುರ್ಚಿ, ನಾಲ್ಕು ಸ್ಟ್ಯಾಂಡು. ಪಕ್ಕದ ಮೇಜಿನ ತುಂಬ ತೆಳುವಾದ ಕಾಲಿನ ಗಾಜಿನ ಲೋಟಗಳು. ಕಛೇರಿಗೆ ಇನ್ನೂ ಹೊತ್ತಿದೆ. ಪಿಟೀಲು ನುಡಿಸುವವರೊಬ್ಬರು ಬಗ್ಗಿ ನಿಂತು ಲೋಟಗಳಿಗೆ ನೀರು ಬಿಡುತ್ತಿದ್ದಾರೆ, ಹನಿ ಹನಿಯಾಗಿ. ಒದ್ದೆ ಬೆರಳಿನಿಂದ ಅಂಚನ್ನು ಸವರಿ ಶ್ರುತಿ ನೋಡುತ್ತಾರೆ. ಕೂದಲೆಳೆಯಷ್ಟು ಏರಿದಂತೆ ಕಂಡರೆ ಇನ್ನೆರಡು ಹನಿ. ನೀರು ಹೆಚ್ಚಿದಷ್ಟೂ ಸ್ವರ ಇಳಿಯುತ್ತದೆ. ನಮ್ಮ ಜಲತರಂಗದವರು ಬಟ್ಟಲುಗಳನ್ನು ಹದಕ್ಕೆ ತರುವುದೂ ಹೀಗೆಯೇ. ಆದರೆ ಇಲ್ಲಿ ಕಡ್ಡಿಯಿಂದ ಬಡಿಯುವುದಿಲ್ಲ, ಪಿಟೀಲಿನ ಕಮಾನನ್ನೇ ಲೋಟದ ಅಂಚಿಗೆ ಆನಿಸಿ ಎಳೆಯುತ್ತಾರೆ.

ಇವತ್ತು ನುಡಿಸಬೇಕಾದ ಕೃತಿ ಅಮೆರಿಕದ ಜಾರ್ಜ್ ಕ್ರಂಬ್ ಬರೆದ ‘ಬ್ಲ್ಯಾಕ್ ಏಂಜಲ್ಸ್’. ವಿಯೆಟ್ನಾಂ ಯುದ್ಧ ಉರಿಯುತ್ತಿದ್ದಾಗ ಬರೆದದ್ದು. ಅದನ್ನು ಮುಗಿಸಿದ ದಿನ 1970ರ ಮಾರ್ಚ್ 13, ಶುಕ್ರವಾರ. ಪಶ್ಚಿಮದವರು ಅಶುಭವೆಂದು ಹೆದರುವ ದಿನ. ಅದರ ಜೊತೆಗೆ ‘ಯುದ್ಧಕಾಲದಲ್ಲಿ’ ಎಂದು ಲ್ಯಾಟಿನ್‌ನಲ್ಲಿ ಒಂದು ಒಕ್ಕಣೆಯನ್ನೂ ಕ್ರಂಬ್ ಸೇರಿಸಿದರು.

ದೀಪ ಆರುತ್ತದೆ. ಎರಡು ಪಿಟೀಲು, ಒಂದು ವಯೊಲಾ, ಒಂದು ಚೆಲ್ಲೋ. ಎಲ್ಲಕ್ಕೂ ಧ್ವನಿವರ್ಧಕ ಜೋಡಿಸಿದೆ. ಮೊದಲ ಸ್ವರವೇ ಕಿವಿಗೆ ಚುಚ್ಚುತ್ತದೆ. ತಂತಿಯ ತುತ್ತತುದಿಯಲ್ಲಿ ಕಮಾನುಗಳು ನಡುಗುತ್ತವೆ. ಲಕ್ಷಾಂತರ ಹುಳುಗಳು ಒಟ್ಟಿಗೆ ಮುತ್ತಿಕೊಂಡ ಸದ್ದು. ಕ್ರಂಬ್ ಈ ಭಾಗಕ್ಕೆ ಕೊಟ್ಟ ಹೆಸರು ‘ವಿದ್ಯುತ್ ಕೀಟಗಳ ರಾತ್ರಿ’. ಕೇಳುವವರಲ್ಲಿ ಹಲವರಿಗೆ ಅದು ಭತ್ತದ ಗದ್ದೆಗಳ ಮೇಲೆ ತಗ್ಗಿ ಹಾರುವ ಹೆಲಿಕಾಪ್ಟರಾಗಿ ಕೇಳಿಸುತ್ತದೆ. ಆಮೇಲೆ ವಾದಕರು ಬಾಯಿಬಿಟ್ಟು ಒಂದು, ಎರಡು ಎಂದು ಎಣಿಸುತ್ತಾರೆ: ಜರ್ಮನ್, ಫ್ರೆಂಚ್, ರಷ್ಯನ್, ಹಂಗೇರಿಯನ್, ಜಪಾನಿ, ಸ್ವಾಹಿಲಿ. ಪಿಸುಗುಟ್ಟುತ್ತಾರೆ, ಕೂಗುತ್ತಾರೆ. ಬೆರಳಿಗೆ ದರ್ಜಿಯವರ ಲೋಹದ ಟೊಪ್ಪಿಗೆ ತೊಟ್ಟು ತಂತಿಯನ್ನು ತಟ್ಟುತ್ತಾರೆ. ಗಾಜಿನ ಸರಳಿನಿಂದ ತಂತಿಯನ್ನು ಒತ್ತಿ ಜಾರಿಸುತ್ತಾರೆ. ಪಕ್ಕದಲ್ಲಿ ತೂಗುಹಾಕಿದ ದೊಡ್ಡ ಜಾಗಟೆಗೂ ಕಮಾನು ಎಳೆಯುತ್ತಾರೆ.

ನಡುವೆ ಒಂದು ಕ್ಷಣ ಬರುತ್ತದೆ. ಅಲ್ಲಿ ಅವರ ಕೈಗಳನ್ನು ನೋಡಬೇಕು. ಎಡಗೈ ಬೆರಳುಗಳು ತಂತಿಯ ಮೇಲೆ ಎಂದಿನ ಜಾಗದಲ್ಲಿವೆ. ಕಮಾನು ಮಾತ್ರ ಕುದುರೆಯ ಕಡೆ ಇಲ್ಲ, ಆ ಬೆರಳುಗಳ ಆಚೆ, ಬಿರಡೆಗಳ ಕಡೆಗೆ ಉಳಿಯುವ ಗೇಣಗಲದ ಜಾಗದಲ್ಲಿ ಓಡಾಡುತ್ತಿದೆ. ವರ್ಷಗಟ್ಟಲೆ ಸಾಧನೆ ಮಾಡಿ ಮೈಗೂಡಿಸಿಕೊಂಡದ್ದೆಲ್ಲ ಅಲ್ಲಿ ತಲೆಕೆಳಗು. ಪಿಟೀಲಿನ ದನಿ ಬಡಕಲಾಗುತ್ತದೆ, ನಾನೂರು ವರ್ಷ ಹಿಂದಿನ ವಾದ್ಯವೊಂದು ಗೋಡೆಯಾಚೆ ನುಡಿದಂತೆ. ಆ ಬಡಕಲು ದನಿಯಲ್ಲಿ ಶೂಬರ್ಟನ ‘ಸಾವು ಮತ್ತು ಕನ್ಯೆ’ಯ ಎಳೆಯೊಂದು ತೇಲಿಬರುತ್ತದೆ. ಸ್ವಲ್ಪ ಹೊತ್ತಿನ ನಂತರ ಮೂವರು ವಾದ್ಯ ಕೆಳಗಿಟ್ಟು ಲೋಟಗಳ ಬಳಿ ಹೋಗುತ್ತಾರೆ. ಗಾಜಿನಿಂದ ನಾದ ಏಳುತ್ತದೆ. ಎಲ್ಲಿ ಶುರುವಾಯಿತು ಎಂದು ಗೊತ್ತಾಗದಂಥ ನಾದ. ಅದರ ಮೇಲೆ ಚೆಲ್ಲೋ ಒಂಟಿಯಾಗಿ ಹಾಡುತ್ತದೆ. ಈ ಭಾಗದ ಹೆಸರು ‘ದೇವಸಂಗೀತ’. ಇಡೀ ಕೃತಿಯ ಕಿರುಚಾಟವನ್ನು ಸಹಿಸಿಕೊಂಡು ಕೂತದ್ದು ಈ ಕೆಲವು ನಿಮಿಷಗಳಿಗಾಗಿ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

1973ರಲ್ಲಿ ಸಿಯಾಟಲ್‌ನಲ್ಲಿ ಡೇವಿಡ್ ಹ್ಯಾರಿಂಗ್ಟನ್ ಎಂಬ ಇಪ್ಪತ್ಮೂರರ ಪಿಟೀಲುವಾದಕ ಇದನ್ನು ರೇಡಿಯೋದಲ್ಲಿ ಕೇಳಿದರು. ಅವರ ವಾರಿಗೆಯ ಹುಡುಗರು ಯುದ್ಧಕ್ಕೆ ಹೋಗಿದ್ದ, ಹೋಗಲೊಲ್ಲದೆ ಜಗಳವಾಡಿದ್ದ ಕಾಲ. ಏನು ನುಡಿಸಿದರೆ ಈ ಹೊತ್ತಿಗೆ ಸಲ್ಲುತ್ತದೆ ಎಂಬ ಅವರ ಹುಡುಕಾಟಕ್ಕೆ ಆ ರಾತ್ರಿ ಉತ್ತರ ಸಿಕ್ಕಿತು. ಈ ಕೃತಿಯನ್ನು ನುಡಿಸಲೇಬೇಕು, ಅದಕ್ಕೊಂದು ಮೇಳ ಕಟ್ಟಬೇಕು. ಹಾಗೆ ಹುಟ್ಟಿದ್ದು ಕ್ರೋನೋಸ್ ಕ್ವಾರ್ಟೆಟ್. ಮೊದಲ ಹೊಸ ಕೃತಿಯನ್ನು ಅವರು ಬರೆಸಿಕೊಂಡದ್ದು ತಮ್ಮ ಗುರು ಕೆನ್ ಬೆನ್‌ಶೂಫ್ ಅವರಿಂದ. ಕೊಟ್ಟ ಸಂಭಾವನೆ ಒಂದು ಚೀಲ ಡೋನಟ್. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ನೆಲೆಸಿದರು. 1978ರ ಹೊತ್ತಿಗೆ ಜಾನ್ ಶೆರ್ಬಾ ಎರಡನೆಯ ಪಿಟೀಲು, ಹ್ಯಾಂಕ್ ಡಟ್ ವಯೊಲಾ, ಜೋನ್ ಜಾನ್‌ರೆನೋ ಚೆಲ್ಲೋ ಎಂದು ಮೇಳ ಗಟ್ಟಿಯಾಯಿತು. ಅಂದಿನಿಂದ ಇಂದಿನವರೆಗೆ ಅವರಿಗಾಗಿ ಹೊಸದಾಗಿ ಬರೆದ, ಅಳವಡಿಸಿದ ರಚನೆಗಳು ಸಾವಿರ ದಾಟಿವೆ.

ಸಾವಿರಕ್ಕಿಂತ ದೊಡ್ಡದು ಅದರ ಹಿಂದಿನ ಮನಸ್ಸು ಎಂದೇ ನಾನು ನಂಬಿದ್ದೇನೆ. ಹೈಡನ್, ಬೀಥೋವನ್, ಶೂಬರ್ಟ್ ಬಿಟ್ಟುಹೋದ ಆಸ್ತಿಯನ್ನೇ ನುಡಿಸಿಕೊಂಡು ಒಂದು ಜನ್ಮ ಕಳೆಯಬಹುದಿತ್ತು. ಇವರು ಹಾಗೆ ಮಾಡದೆ ತಮ್ಮ ಕಾಲದಲ್ಲೇ ಉಸಿರಾಡುತ್ತಿರುವವರ ಬಾಗಿಲು ತಟ್ಟಿ, ನಮಗೊಂದು ಬರೆದುಕೊಡಿ ಎಂದರು. ಬರೆದವರು ಬದುಕಿದ್ದಾಗ ತಾಲೀಮಿನ ಕೋಣೆಯೇ ಬೇರೆಯಾಗುತ್ತದೆ. ಮೂಲೆಯ ಕುರ್ಚಿಯಲ್ಲಿ ಅವರೇ ಕೂತಿರುತ್ತಾರೆ. ಈ ಸಾಲು ಬೆರಳಿಗೆ ನಿಲುಕುವುದಿಲ್ಲ ಎಂದು ಚೆಲ್ಲೋದವರು ಹೇಳಿದರೆ ಪೆನ್ಸಿಲು ಹೊರಬರುತ್ತದೆ. ಒಂದು ಸ್ವರ ಅಳಿಸಿ ಇನ್ನೊಂದು ಬರುತ್ತದೆ. ಸ್ವರಲಿಪಿಯ ಹಾಳೆ ಅಲ್ಲಿ ಇನ್ನೂ ಹಸಿ.

ಇಂಥ ಮೇಳಕ್ಕೆ ಎದುರು ನಿಂತು ಕೈಯಾಡಿಸುವ ಕಂಡಕ್ಟರ್ ಇಲ್ಲ, ತಾಳ ಹಾಕುವವರಿಲ್ಲ. ಶುರುಮಾಡುವವರು ಮೂಗಿನಿಂದ ಉಸಿರೆಳೆದುಕೊಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತವರಿಗೆ ಅದು ಕೇಳಿಸುತ್ತದೆ. ಆ ಉಸಿರು ಎಷ್ಟು ದೀರ್ಘವೋ ಲಯ ಅಷ್ಟು ವಿಳಂಬ. ಉಳಿದ ಮೂವರೂ ಅದೇ ಉಸಿರನ್ನು ತಮ್ಮೊಳಗೆ ತೆಗೆದುಕೊಂಡಿರುತ್ತಾರೆ. ನಾಲ್ಕು ಕಮಾನುಗಳು ಒಂದೇ ಕ್ಷಣಕ್ಕೆ ತಂತಿಗೆ ತಾಗುತ್ತವೆ. ನಿಲ್ಲಿಸುವಾಗಲೂ ಅಷ್ಟೇ. ಕಣ್ಣು ಹಾಳೆಯ ಮೇಲಿದ್ದರೂ ಅದರ ಅಂಚಿನಿಂದ ಪಕ್ಕದವರ ಮೊಣಕೈ ಕಾಣುತ್ತಿರಬೇಕು. ಸ್ಟೀವ್ ರೈಕ್ 1988ರಲ್ಲಿ ಇವರಿಗೆಂದು ಬರೆದ ‘ಡಿಫರೆಂಟ್ ಟ್ರೈನ್ಸ್’ನಲ್ಲಿ ಈ ಕೆಲಸ ಇನ್ನೂ ಕಠಿಣ. ಅಲ್ಲಿ ಧ್ವನಿಮುದ್ರಿಕೆಯಲ್ಲಿ ಮನುಷ್ಯರು ಮಾತಾಡುತ್ತಾರೆ: ರೈಕ್‌ರನ್ನು ಬಾಲ್ಯದಲ್ಲಿ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ರೈಲಿನಲ್ಲಿ ಕರೆದೊಯ್ಯುತ್ತಿದ್ದ ಆಯಾ, ರೈಲಿನ ಹಳೆಯ ನೌಕರ, ಅದೇ ವರ್ಷಗಳಲ್ಲಿ ಯೂರೋಪಿನಲ್ಲಿ ಬೇರೆಯೇ ರೈಲುಗಳಿಗೆ ತುಂಬಿಸಲ್ಪಟ್ಟು ಬದುಕಿ ಉಳಿದ ಯಹೂದಿಗಳು. ಹೆಂಗಸರ ಮಾತಿನ ಏರಿಳಿತವನ್ನು ವಯೊಲಾ, ಗಂಡಸರದನ್ನು ಚೆಲ್ಲೋ ಅಕ್ಷರಕ್ಕಕ್ಷರ ಹಿಡಿಯಬೇಕು. ಬದುಕಿ ಉಳಿದವರ ದನಿಯ ಪಕ್ಕದಲ್ಲಿ ತಂತಿಯೊಂದು ಅದೇ ರಾಗದಲ್ಲಿ ನುಡಿದಾಗ ಆ ಮಾತು ಎದೆಗಿಳಿಯುವ ಬಗೆಯೇ ಬೇರೆ.

ಕ್ರೋನೋಸ್‌ನ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಮಾತ್ರ ಟೆರ್ರಿ ರೈಲಿ. ಅದಕ್ಕೆ ಕಾರಣ ಧಾರವಾಡದ ಕಡೆಯವರಿಗೆ ಹೇಳದೆಯೂ ತಿಳಿದೀತು. ರೈಲಿ 1964ರಲ್ಲಿ ‘ಇನ್ ಸಿ’ ಬರೆದು ಹೆಸರಾದವರು. 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾಣಾ ಘರಾಣೆಯವರು, ಉಸ್ತಾದ್ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಮನೆತನದ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ಲರಿಗೆ, ಭೀಮಸೇನ ಜೋಶಿಯವರಿಗೆ ಹರಿದದ್ದು ನಮ್ಮ ನೆಲದ ಸಂಗೀತ. ಅಂದರೆ ಒಂದೇ ಮನೆಯ ಒಂದು ಕವಲು ಹುಬ್ಬಳ್ಳಿ-ಧಾರವಾಡಕ್ಕೆ ಬಂತು, ಇನ್ನೊಂದು ಸಮುದ್ರ ದಾಟಿ ಕ್ಯಾಲಿಫೋರ್ನಿಯಾ ಸೇರಿತು. ಅವಸರವಿಲ್ಲದೆ ಒಂದು ಸ್ವರದ ಮೇಲೆ ನಿಲ್ಲುವುದು, ಆ ಸ್ವರ ತಂಬೂರಿಯೊಳಗೆ ಕರಗುವವರೆಗೂ ಮುಂದಿನದಕ್ಕೆ ಕೈ ಹಾಕದಿರುವುದು: ಗುರುಗಳು 1996ರಲ್ಲಿ ತೀರಿಕೊಳ್ಳುವವರೆಗೂ ರೈಲಿ ಕಲಿತದ್ದು ಇದನ್ನೇ.

ಹ್ಯಾರಿಂಗ್ಟನ್ ರೈಲಿಯವರನ್ನು ಕಂಡದ್ದು ಓಕ್‌ಲ್ಯಾಂಡಿನ ಮಿಲ್ಸ್ ಕಾಲೇಜಿನಲ್ಲಿ, 1970ರ ದಶಕದ ಕೊನೆಗೆ. ಆಗ ರೈಲಿ ಸ್ವರಲಿಪಿಯಲ್ಲಿ ಬರೆಯುವುದನ್ನೇ ಬಿಟ್ಟಿದ್ದರು, ಮನೋಧರ್ಮದಲ್ಲಿ ನುಡಿಸುತ್ತಿದ್ದರು, ಹಾಡುತ್ತಿದ್ದರು. ಹ್ಯಾರಿಂಗ್ಟನ್ ಬಿಡಲಿಲ್ಲ. ಬರೆಯಿರಿ ಎಂದು ಮತ್ತೆ ಮತ್ತೆ ಕೇಳಿದರು. 1980ರಲ್ಲಿ ಮೊದಲ ಕೃತಿ ಬಂತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು, ಅದರಲ್ಲಿ ‘ಸಲೋಮೆ ಡಾನ್ಸಸ್ ಫಾರ್ ಪೀಸ್’ ಸುಮಾರು ಎರಡು ಗಂಟೆಯದು. ಪಿಟೀಲಿನವರಿಗೆ ಬೆರಳು ಅಲುಗಿಸಿ ಸ್ವರಕ್ಕೆ ಕಂಪ ಕೊಡುವುದು ಉಸಿರಾಟದಷ್ಟೇ ಸಹಜ. ರೈಲಿಯವರ ಜೊತೆ ಕೂತಾಗ ಅದನ್ನು ಕಡಿಮೆ ಮಾಡಬೇಕಾಯಿತು. ಕಂಪ ತೆಗೆದರೆ ಸ್ವರ ಬೆತ್ತಲಾಗುತ್ತದೆ. ಶ್ರುತಿ ಒಂದಿಷ್ಟು ತಪ್ಪಿದರೂ ಮುಚ್ಚಿಕೊಳ್ಳಲು ಜಾಗವಿಲ್ಲ. ನಾಲ್ವರೂ ಒಂದೇ ಸ್ವರಮೇಳವನ್ನು ಹಿಡಿದು ಅದು ಕದಲದೆ ನಿಲ್ಲುವವರೆಗೆ ಕಮಾನು ಎಳೆಯುತ್ತಾ ಕೂರಬೇಕು. ಬೆಳಗಿನ ಜಾವ ಷಡ್ಜ ಹಚ್ಚಿ ಕೂತ ನಮ್ಮ ಗವಾಯಿಗಳಿಗೆ ಈ ಶ್ರಮದ ರುಚಿ ಗೊತ್ತು.

1995ರ ಏಪ್ರಿಲ್‌ನಲ್ಲಿ ಹ್ಯಾರಿಂಗ್ಟನ್‌ರ ಮಗ ಆಡಂ ಮನೆಯವರೊಡನೆ ಮೌಂಟ್ ಡಯಾಬ್ಲೋ ಬೆಟ್ಟ ಹತ್ತುತ್ತಿದ್ದಾಗ ಕುಸಿದು ತೀರಿಕೊಂಡ. ವಯಸ್ಸು ಹದಿನಾರು. ರೈಲಿ ಆ ಹುಡುಗನನ್ನು ಬಲ್ಲವರು, ಆ ಮನೆಗೆ ಆಪ್ತರು. ಅವರು 1998ರಲ್ಲಿ ‘ರಿಕ್ವಿಯಂ ಫಾರ್ ಆಡಂ’ ಬರೆದುಕೊಟ್ಟರು. ಮೊದಲ ಭಾಗದಲ್ಲಿ ನಾಲ್ಕೇ ಸ್ವರಗಳ ಒಂದು ತುಣುಕು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹೆಸರೂ ಸ್ವರ್ಗದ ಏಣಿಯದೇ. ಎರಡನೆಯದು ಆ ಬೆಟ್ಟದ ಮೇಲಿನ ಶವಯಾತ್ರೆ. ಅಲ್ಲಿ ಧ್ವನಿಮುದ್ರಿತ ಗಂಟೆ, ಕಹಳೆ, ತಾಳವಾದ್ಯಗಳು ತಂತಿಗಳ ಜೊತೆ ಸೇರುತ್ತವೆ. ಕೊನೆಯದು ನೀಳವಾದದ್ದು, ಅದರಲ್ಲಿ ಕುಣಿತವೂ ಇದೆ, ಕೋಪವೂ ಇದೆ. ಮಗನಿಗಾಗಿ ಬರೆದ ಈ ಸಂಗೀತದ ಮೊದಲ ಪಿಟೀಲು ತಂದೆಯದು. ಪುತ್ರಶೋಕ ನಿರಂತರ ಎನ್ನುವ ನಾವು ಆ ಕೈಯಿಂದ ಕಮಾನು ಹೇಗೆ ಕದಲಿತು ಎಂದು ಕೇಳಬಹುದು. ಕದಲಿತು, ವೇದಿಕೆಯ ಮೇಲೂ ಧ್ವನಿಮುದ್ರಣದಲ್ಲೂ. ಜೊತೆಗೆ ಮೂವರು ಇದ್ದರು, ಬರೆದುಕೊಟ್ಟ ಗೆಳೆಯ ಇದ್ದರು. ಸಂಗೀತ ನೋವನ್ನು ವಾಸಿಮಾಡುತ್ತದೆ ಎಂದು ನಾನು ಹೇಳಲಾರೆ. ನೋವಿಗೆ ಮಾಡಲು ಒಂದು ಕೆಲಸ ಕೊಡುತ್ತದೆ.

ಕುರ್ಚಿಗಳಲ್ಲಿ ಕೂತವರು ಬದಲಾಗಿದ್ದಾರೆ. ಜಾನ್‌ರೆನೋ 1999ರಲ್ಲಿ ಮೇಳ ಬಿಟ್ಟರು. ಚೆಲ್ಲೋ ಆಮೇಲೆ ಹಲವು ಕೈ ದಾಟಿ ಈಗ ಪಾಲ್ ವಿಯಾಂಕೋ ಅವರ ಬಳಿ ಇದೆ. ನಾಲ್ಕೂವರೆ ದಶಕ ಒಂದೇ ಜಾಗದಲ್ಲಿ ಕೂತು ನುಡಿಸಿದ ಶೆರ್ಬಾ ಮತ್ತು ಡಟ್ 2024ರಲ್ಲಿ ಒಟ್ಟಿಗೆ ನಿವೃತ್ತರಾದರು. ಅಲ್ಲಿಗೆ ಗೇಬ್ರಿಯೆಲಾ ಡಿಯಾಜ್, ಅಯಾನೆ ಕೊಝಾಸಾ ಬಂದರು. ಹ್ಯಾರಿಂಗ್ಟನ್ ಮಾತ್ರ ಮೊದಲಿನ ಕುರ್ಚಿಯಲ್ಲೇ ಇದ್ದಾರೆ.

ನಮ್ಮ ನಾಡಿನ ಸಂಗೀತ ಕ್ರೋನೋಸ್‌ನವರ ತಾಲೀಮಿನ ಕೋಣೆಗೆ ರೈಲಿಯವರ ಮೂಲಕ ಮಾತ್ರ ಹೋಗಲಿಲ್ಲ. 2005ರಲ್ಲಿ ಆಶಾ ಭೋಸ್ಲೆ ಇವರೊಡನೆ ಆರ್.ಡಿ. ಬರ್ಮನ್ ಹಾಡುಗಳನ್ನು ಹಾಡಿದರು, ತಬಲಾ ಜಾಕಿರ್ ಹುಸೇನರದು. 2009ರ ‘ಫ್ಲಡ್‌ಪ್ಲೇನ್’ ಆಲ್ಬಮಿನಲ್ಲಿ ರಾಮ್ ನಾರಾಯಣರ ಮಿಶ್ರ ಭೈರವಿ ಆಲಾಪವಿದೆ. ಸಾರಂಗಿಯ ಪಾಲನ್ನು ಡಟ್ ವಯೊಲಾದಲ್ಲಿ ನುಡಿಸಿದ್ದಾರೆ. ಸಾರಂಗಿಯಲ್ಲಿ ಉಗುರಿನ ಬುಡ ತಂತಿಯ ಪಕ್ಕಕ್ಕೆ ತಾಗಿ ಜಾರುತ್ತದೆ, ವಯೊಲಾದಲ್ಲಿ ಬೆರಳ ತುದಿ ಮೇಲಿನಿಂದ ಒತ್ತುತ್ತದೆ. ಸಾರಂಗಿಯವರು ಉಗುರಿನಲ್ಲಿ ಎಳೆಯುವ ಮೀಂಡನ್ನು ಬೆರಳ ತುದಿಗೆ ಕಲಿಸಿದ ಆ ಆಲಾಪವನ್ನು ನಾನು ಕಣ್ಣು ಮುಚ್ಚಿಯೂ ಕೇಳಿದ್ದೇನೆ, ಎರಡೂ ವಾದ್ಯಗಳನ್ನು ಮನಸ್ಸಿನಲ್ಲಿ ಎದುರುಬದುರು ಇಟ್ಟುಕೊಂಡೂ ಕೇಳಿದ್ದೇನೆ. ಎರಡು ಸಲವೂ ಅದು ಭೈರವಿಯೇ.

2015ರಲ್ಲಿ ಕ್ರೋನೋಸ್‌ನವರು ಕೈಗೆತ್ತಿಕೊಂಡ ಒಂದು ಯೋಜನೆಯನ್ನು ನಮ್ಮ ಸಂಗೀತ ಶಾಲೆಗಳು ಗಮನಿಸಬೇಕು. ಎಳೆಯ ವಾದಕರು ಕಲಿಯಲೆಂದು ಐವತ್ತು ಹೊಸ ಕೃತಿಗಳನ್ನು ಬರೆಸಿದರು, ಬರೆದವರಲ್ಲಿ ಅರ್ಧದಷ್ಟು ಹೆಂಗಸರು. ಸ್ವರಲಿಪಿ, ಧ್ವನಿಮುದ್ರಣ ಎಲ್ಲವನ್ನೂ ಜಾಲತಾಣದಲ್ಲಿ ಉಚಿತವಾಗಿ ಇಟ್ಟರು. ಅದರಲ್ಲಿ ಜಾಕಿರ್ ಹುಸೇನರ ‘ಪಲ್ಲವಿ’ ಇದೆ. ರಾಮ್ ನಾರಾಯಣರ ಮಗಳು ಅರುಣಾ ನಾರಾಯಣ್ ಅವರ ‘ಮಿಶ್ರ ಪೀಲೂ’ ಇದೆ. ಅದನ್ನು ನಾಲ್ಕು ವಾದ್ಯಗಳಿಗೆ ಒಗ್ಗಿಸಿದವರು ಭಾರತೀಯ ಮೂಲದ ಅಮೆರಿಕನ್ ಸಂಗೀತಗಾರ್ತಿ ರೀನಾ ಇಸ್ಮಾಯಿಲ್. ಬೆಂಗಳೂರಿನಲ್ಲಿ ಪಿಟೀಲು, ಚೆಲ್ಲೋ ಕಲಿಯುವ ಮಕ್ಕಳು ಇದ್ದಾರೆ. ಅವರಲ್ಲಿ ನಾಲ್ವರು ಸೇರಿ ಈ ಪೀಲೂ ತೆಗೆದುಕೊಂಡರೆ ಪಶ್ಚಿಮದ ಮಕ್ಕಳಿಗೆ ಇಲ್ಲದ ಅನುಕೂಲ ಅವರಿಗಿದೆ. ಪೀಲೂವಿನ ಎರಡು ಗಾಂಧಾರಗಳ ನಡುವೆ ಬೆರಳು ಎಲ್ಲಿ ಜಾರಬೇಕು, ಎಲ್ಲಿ ನಿಲ್ಲಬೇಕು ಎಂದು ಗೊತ್ತಾಗದಿದ್ದರೆ ಪಕ್ಕದ ಬೀದಿಯ ಗವಾಯಿಗಳ ಮನೆಗೆ ಹೋಗಿ ಕೇಳಬಹುದು. ಹೋಗಬೇಕು ಎಂಬುದು ನನ್ನ ಆಸೆ. ಹೋದಾಗ, ನಮಗೂ ಒಂದು ಬರೆದುಕೊಡಿ ಎಂದು ಅವರನ್ನೇ ಒತ್ತಾಯಿಸಬೇಕು. ಸಂಭಾವನೆಗೆ ಬೇಕಾದರೆ ಒಂದು ಪೊಟ್ಟಣ ಧಾರವಾಡ ಪೇಢೆ ಹಿಡಿದುಕೊಂಡು ಹೋಗಲಿ.